ಗುರುವಾರ ನಾಲ್ಕು ಗಂಟೆಗೆ ಬೇಕಾದ ಸ್ನೇಹಿತ

ಶೇರ್ ನದಿಯ ದಡದ ನಮ್ಮ ಊರಿನಲ್ಲಿ ಇಬ್ಬರು ಬೇರೆಯಾಗುವಾಗ "ಒಂದಿನ ಕೂತು ಊಟ ಮಾಡೋಣ" ಎನ್ನುವುದು ವಾಡಿಕೆ. ಕೈ ಕುಲುಕಿದ ಮೇಲೆ ಹೇಳಬೇಕಾದ ಮಾತು, ಅಷ್ಟೆ. ಅದರಲ್ಲಿ ಊಟವೂ ಇರುವುದಿಲ್ಲ, ಕೂರುವುದೂ ಇರುವುದಿಲ್ಲ. ಹೇಳಿದವನು ಬೀದಿಯ ಮೂಲೆ ತಿರುಗುವ ಮೊದಲೇ ಮರೆತಿರುತ್ತಾನೆ. ಕೇಳಿಸಿಕೊಂಡವನು ಮರೆಯುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ. ಈ ಮಾತಿಗೆ "ಯಾವತ್ತು?" ಎಂದು ತಿರುಗಿ ಕೇಳಿದ ಮನುಷ್ಯನನ್ನು ನನ್ನ ಐವತ್ತೇಳು ವರ್ಷಗಳಲ್ಲಿ ಒಬ್ಬನನ್ನೇ ಕಂಡಿದ್ದೇನೆ. ಅವರು ನಮ್ಮೂರ ಸಿನಿಮಾ ಮಂದಿರದ ತಿಕ್ಸಿಯೆ.

ಮಂದಿರ ಎಂದರೆ ಇರುವುದು ಒಂದೇ ಪರದೆ, ನೂರ ಎಂಬತ್ತು ಕುರ್ಚಿ. ಟಿಕೆಟ್ಟು ಕೊಡುವ ಸೊಲಾಂಜ್ ಒಬ್ಬಳನ್ನು ಬಿಟ್ಟರೆ ಉಳಿದದ್ದೆಲ್ಲ ತಿಕ್ಸಿಯೆಯವರೇ. ಪ್ರೊಜೆಕ್ಟರ್ ನಡೆಸುವವರು, ಹೊರಗಿನ ಹಲಗೆಗೆ ಉದ್ದ ಕೋಲಿನಿಂದ ಅಕ್ಷರ ಸಿಕ್ಕಿಸುವವರು, ಚಳಿಗಾಲದಲ್ಲಿ ಮಂದಿರ ಬೆಚ್ಚಗಿಡುವ ಬಾಯ್ಲರಿಗೆ ಬೈಯುವವರು, ಆಟ ಮುಗಿದ ಮೇಲೆ ಕುರ್ಚಿಗಳ ನಡುವೆ ಗುಡಿಸುವವರು. ಮೂವತ್ತು ವರ್ಷ ಅವರು ರೀಲಿನ ಡಬ್ಬಗಳನ್ನು ಮೂವತ್ತೊಂದು ಮೆಟ್ಟಿಲು ಹೊತ್ತು ಮೇಲಿನ ಕೋಣೆಗೆ ಸಾಗಿಸಿದ್ದರು. ಈಗ ಸಿನಿಮಾ ಅಂಗೈ ಅಗಲದ ಪೆಟ್ಟಿಗೆಯಲ್ಲಿ ಬರುತ್ತದೆ. ಆದರೆ ಆ ಡಬ್ಬಗಳ ಭಾರ ಹೋಗಿರಲಿಲ್ಲ. ಪಿಂಚಣಿಯ ಹಾಗೆ ತಡವಾಗಿ, ಹರ್ನಿಯಾ ಎಂಬ ಹೆಸರಿನಲ್ಲಿ, ಹೊಟ್ಟೆಯ ಕೆಳಗೆ ಬಂದು ಕೂತಿತ್ತು.

ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡು ಒಂಬತ್ತು ವರ್ಷ. ಒಬ್ಬ ಅಕ್ಕ ಸಮುದ್ರದಾಚೆಯ ರೆಯೂನಿಯೋಂ ದ್ವೀಪದಲ್ಲಿದ್ದಾಳೆ. ಹೊಸ ವರ್ಷದ ಕಾರ್ಡು ಮಾರ್ಚಿನಲ್ಲಿ ತಲುಪುತ್ತದೆ.

"ಯಾವತ್ತು?" ಎಂದು ಅವರು ಕೇಳಿದ್ದು ಔಷಧಿ ಅಂಗಡಿಯವನನ್ನು, ತಾಯಿ ಹೋದ ವರ್ಷ. ಆತ ತಬ್ಬಿಬ್ಬಾಗಿ, "ಯಾವತ್ತಾದ್ರೂ ಒಂದು ಶನಿವಾರ" ಎಂದ. ತಿಕ್ಸಿಯೆ ಆ ಶನಿವಾರವೇ, ಇಸ್ತ್ರಿ ಅಂಗಿ ತೊಟ್ಟು, ಪ್ಲಮ್ ಹಣ್ಣು ಹಾಕಿ ಬೇಯಿಸಿದ ತಾರ್ತ್ ಎಂಬ ಸಿಹಿ ಹಿಡಿದು ಹೋದರು. ಅವರನ್ನು ಪಡಸಾಲೆಯಲ್ಲೇ ನಿಲ್ಲಿಸಿ, ಕೋಟು ಬಿಚ್ಚಿಸದೆ, ಒಂದು ಸಣ್ಣ ಲೋಟ ಪೋರ್ಟ್ ವೈನ್ ಕೊಟ್ಟು, ಮಕ್ಕಳಿಗೆ ಜ್ವರ ಎಂದು ಕಳಿಸಿದರು. ತಿಕ್ಸಿಯೆ ತಾರ್ತನ್ನು ವಾಪಸು ತಂದು ನಾಲ್ಕು ದಿನ ತಿಂದರಂತೆ. ಊರು ಈ ಕಥೆ ಹೇಳಿಕೊಂಡು ಎರಡು ಚಳಿಗಾಲ ನಕ್ಕಿತು. ನಕ್ಕವರಲ್ಲಿ ನಾನೂ ಒಬ್ಬ. ನಾನು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು, ಜೊತೆಗೆ ಊರ ಸಿನಿಮಾ ಸಂಘದ ಅಧ್ಯಕ್ಷ. ಸಂಘದಲ್ಲಿ ಏಳು ಜನರಿದ್ದೇವೆ, ಆರು ಜನಕ್ಕೆ ಅಧ್ಯಕ್ಷತೆ ಬೇಡವಾಗಿತ್ತು. ಪ್ರತಿ ತಿಂಗಳ ಕೊನೆಯ ಭಾನುವಾರ ಮಧ್ಯಾಹ್ನ ನಾವು ಒಂದು ಸಿನಿಮಾ ಹಾಕಿಸಿ ಚರ್ಚೆ ಮಾಡುತ್ತೇವೆ. ಹನ್ನೊಂದು ವರ್ಷ, ಪ್ರತಿ ಚರ್ಚೆ ಮುಗಿದ ಮೇಲೆ, ಬಾಗಿಲಲ್ಲಿ ನಿಂತು ನಾನು ತಿಕ್ಸಿಯೆಯವರಿಗೆ ಹೇಳಿದ್ದೇನೆ: "ಒಂದಿನ ಕೂತು ಊಟ ಮಾಡೋಣ." ತಾರ್ತ್ ಆದ ಮೇಲೆ ಅವರು ಯಾರನ್ನೂ ಯಾವತ್ತು ಎಂದು ಕೇಳಲಿಲ್ಲ. ತಲೆಯಾಡಿಸಿ ಪೊರಕೆ ಎತ್ತಿಕೊಳ್ಳುತ್ತಿದ್ದರು.

ಹರ್ನಿಯಾ ಕೊಯ್ಯಬೇಕೆಂದು ಡಾಕ್ಟರು ಹೇಳಿದ ತಿಂಗಳು ಮಂದಿರದಲ್ಲಿ ಓಡುತ್ತಿದ್ದುದು, ನಮ್ಮ ಭಾನುವಾರಕ್ಕೂ ಆರಿಸಿದ್ದು, ಒಂದು ಹಾಸ್ಯಚಿತ್ರ. ವಿದು ಎಂಬ ನಲ್ಲಿ ರಿಪೇರಿಯವನ ಕಥೆ. ನಡುವಯಸ್ಸಿನ ಒಂಟಿ ಗಂಡಸು, ನಲ್ಲಿ ಸರಿಮಾಡಿದ ಮೇಲೂ ಕಾಫಿಗೆಂದು ಕುಳಿತೇಬಿಡುತ್ತಾನೆ. ಕೊನೆಗೆ ಅವನಿಗೆ ಗೊತ್ತಾಗುತ್ತದೆ, ಅರ್ಧ ಊರು ತಮ್ಮ ನಲ್ಲಿಗಳನ್ನು ತಾವೇ ಸಡಿಲ ಮಾಡಿಕೊಂಡು ಇವನಿಗೆ ಫೋನು ಮಾಡುತ್ತಿದೆ ಎಂದು. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ತಿಕ್ಸಿಯೆ ಎರಡು ವಾರ ದಿನವೂ ಅದನ್ನು ಮೇಲಿನ ಕಿಂಡಿಯಿಂದ ನೋಡಿದರು. ಬಹುಶಃ ಹೊಟ್ಟೆ ನೋವಿನಿಂದಲೇ ನಗಲಿಲ್ಲ.

ಆಸ್ಪತ್ರೆಯವರು ಹರ್ನಿಯಾವನ್ನು ಬೆಳಿಗ್ಗೆ ಕೊಯ್ದು ಸಂಜೆ ಮನೆಗೆ ಕಳಿಸುತ್ತಾರೆ. ಆದರೆ ಒಂದು ಷರತ್ತು. ಅರಿವಳಿಕೆ ಕೊಟ್ಟವನನ್ನು ಕರೆದೊಯ್ಯಲು ಒಬ್ಬ ವಯಸ್ಕ ಬರಬೇಕು, ಮರುಬೆಳಗಿನವರೆಗೆ ಜೊತೆಗಿರಬೇಕು. ಟ್ಯಾಕ್ಸಿಯವನು ನಡೆಯುವುದಿಲ್ಲ. ಫಾರಮಿನಲ್ಲಿ ಅದಕ್ಕೆಂದೇ ಒಂದು ಚೌಕ: ಹೆಸರು, ಫೋನು, ಸಂಬಂಧ. ತಿಕ್ಸಿಯೆ ಫಾರಮನ್ನು ಎಂಟು ದಿನ ಪ್ರೊಜೆಕ್ಟರಿನ ಪಕ್ಕ ಇಟ್ಟುಕೊಂಡರು. ಒಂಬತ್ತನೆಯ ದಿನ ಬರೆದರು. ಹೆಸರು: ವಿದು. ಫೋನು: ಮೇಲಿನ ಕೋಣೆಯದು. ಸಂಬಂಧ: ಸ್ನೇಹಿತ.

ಮುನ್ನಾದಿನ ನರ್ಸು ಫೋನು ಮಾಡಿದಾಗ ತಿಕ್ಸಿಯೆ ಧ್ವನಿ ದಪ್ಪ ಮಾಡಿಕೊಂಡು, ಹೌದು ತಾಯಿ, ನಾಲ್ಕಕ್ಕೆ ಬರುತ್ತೇನೆ ಎಂದರು. ಆದರೆ ಆಕೆ ಪಳಗಿದವಳು. ಮರುದಿನ ಇವರು ಕಾಗದದ ಅಂಗಿ ತೊಟ್ಟು, ಖಾಲಿ ಹೊಟ್ಟೆಯಲ್ಲಿ ಮಂಚದ ಮೇಲೆ ಕೂತಿದ್ದಾಗ ಖಾತ್ರಿಗೆಂದು ಇನ್ನೊಮ್ಮೆ ಫೋನು ಮಾಡಿದಳು. ಮೇಲೆ ಗುಡಿಸುತ್ತಿದ್ದ ಸೊಲಾಂಜ್ ಎತ್ತಿಕೊಂಡಳು.

"ವಿದು? ಅವನು ಎಂಟೂವರೆಗೆ ಬರ್ತಾನಮ್ಮ. ಭಾನುವಾರದವರೆಗೂ ಇರ್ತಾನೆ, ಟಿಕೆಟ್ ಬೇಕಿತ್ತಾ?"

ತಿಕ್ಸಿಯೆ ಬಟ್ಟೆ ಹಾಕಿಕೊಂಡು ಬಸ್ಸಿನಲ್ಲಿ ವಾಪಸು ಬಂದರು. ಹೊಸ ದಿನ ಕೊಟ್ಟಿದ್ದರು, ಮುಂದಿನ ವಾರದ ಗುರುವಾರ. ಅದೂ ತಪ್ಪಿದರೆ ಅಕ್ಟೋಬರ್ ಎಂದರು, ಆದರೆ ಅಕ್ಟೋಬರಿನವರೆಗೆ ಇದು ಕಾಯುವ ಜಾತಿಯದಲ್ಲ ಎಂದೂ ಡಾಕ್ಟರು ಹೇಳಿದರು. ಸೊಲಾಂಜ್ ತಾನೇ ಬರುತ್ತಿದ್ದಳಂತೆ. ಆದರೆ ಅವಳ ಅತ್ತೆ ಹಾಸಿಗೆ ಹಿಡಿದಿದ್ದಳು, ಒಂದು ರಾತ್ರಿ ಬಿಟ್ಟಿರುವಂತಿರಲಿಲ್ಲ. "ಯಾರನ್ನಾದ್ರೂ ಕೇಳಿ, ಬಾಯಿಲ್ವಾ ನಿಮ್ಗೆ" ಎಂದು ಅವಳು ದಿನಕ್ಕೆ ಮೂರು ಸಲ ತಿವಿಯುತ್ತಿದ್ದಳು.

ಅವರು ಕೇಳಿದ್ದು ನನ್ನನ್ನು. ಶನಿವಾರ ನಾನು ಮರುದಿನದ ಭಾಷಣದ ಕಾಗದ ಹಿಡಿದು ಮೈಕು ನೋಡಲು ಹೋಗಿದ್ದೆ.

"ಮೇಷ್ಟ್ರೇ, ಗುರುವಾರ ನಾಲ್ಕು ಗಂಟೆಗೆ ಬಿಡುವಿದೆಯಾ ನಿಮ್ಗೆ?" ಎಂದು ಕೇಳಿ, ವಿಷಯವನ್ನೆಲ್ಲ ನೆಲ ನೋಡುತ್ತ ಹೇಳಿದರು.

ನಾನು ಡೈರಿ ತೆಗೆದೆ. ಇದು ನಮ್ಮಲ್ಲಿ ಉಸಿರಾಟದಷ್ಟೇ ಸಹಜ. ಗುರುವಾರದ ಪುಟ ಮಂಜು ಬಿದ್ದ ಹೊಲದ ಹಾಗೆ ಬೆಳ್ಳಗಿತ್ತು. ಅದನ್ನು ಎದೆಗೆ ಒತ್ತಿಕೊಂಡು, "ಗುರುವಾರ ಕಷ್ಟ" ಎಂದೆ. "ಪೇಪರ್ ತಿದ್ದೋದಿದೆ."

"ಪರವಾಗಿಲ್ಲ. ಸುಮ್ನೆ ಕೇಳ್ದೆ."

ಯಾಕೆ ಹಾಗೆ ಹೇಳಿದೆ ಎಂಬುದಕ್ಕೆ ನನ್ನ ಅಡುಗೆಮನೆಯ ಡ್ರಾಯರಿಗೆ ಹೋಗಬೇಕು. ಐವತ್ತು ದಾಟಿದವರಿಗೆಲ್ಲ ಸರ್ಕಾರ ಅಂಚೆಯಲ್ಲಿ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಒಂದು ಪೊಟ್ಟಣ ಕಳಿಸುತ್ತದೆ. ಅದರಲ್ಲಿ ಏನು ತುಂಬಿಸಿ ಕಳಿಸಬೇಕೆಂದು ಊಟದ ಹೊತ್ತಿನ ಓದುಗರಿಗೆ ಹೇಳಲಾರೆ. ನನ್ನದರ ಫಲಿತಾಂಶ ಸರಿ ಬಂದಿರಲಿಲ್ಲ. ಒಳಗೆ ನಳಿಕೆ ಬಿಟ್ಟು ನೋಡಬೇಕು, ಅರಿವಳಿಕೆ ಬೇಕು ಎಂದು ಡಾಕ್ಟರು ಬರೆದಿದ್ದರು. ಮೂರನೆಯ ಪುಟದಲ್ಲಿ ಅದೇ ಚೌಕ. ಹೆಂಡತಿ ಲಿಯೋಂ ನಗರಕ್ಕೆ ಹೋಗಿ, ಅಲ್ಲಿ ಇನ್ನೊಬ್ಬನನ್ನು ಕಟ್ಟಿಕೊಂಡು ಆರು ವರ್ಷವಾಗಿದೆ. ಆ ಕಾಗದ ಹದಿನಾಲ್ಕು ತಿಂಗಳಿಂದ ಬಾಟಲಿಯ ಬಿರಡೆ ತೆಗೆಯುವ ತಿರುಪಿನ ಕೆಳಗೆ ಮಲಗಿತ್ತು. ಇಂಥ ಚೌಕ ತನ್ನ ಮನೆಯಲ್ಲೂ ಖಾಲಿ ಇರುವವನಿಗೆ ಇನ್ನೊಬ್ಬನನ್ನು ಕಂಡರೆ ಕರುಣೆ ಬರಬೇಕು ಎನ್ನುತ್ತಾರೆ. ನನಗೆ ಬಂದದ್ದು ಸಿಟ್ಟು. ಒಬ್ಬ ಕೇಳಿಯೇಬಿಟ್ಟನಲ್ಲ ಎಂಬ ಸಿಟ್ಟು.

ಭಾನುವಾರ ಅರವತ್ತು ಜನ ಬಂದಿದ್ದರು, ನಮ್ಮ ಮಟ್ಟಿಗೆ ಜಾತ್ರೆ. ಸಿನಿಮಾ ಮುಗಿದ ಮೇಲೆ ನಾನು ಸ್ನೇಹದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಗ್ರೀಕರಿಂದ ಶುರು ಮಾಡಿದೆ. ಚೆನ್ನಾಗಿಯೇ ಮಾತಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಕೊನೆಗೆ ಯಾರಿಗಾದರೂ ಪ್ರಶ್ನೆ ಇದೆಯೇ ಎಂದೆ. ಯಾರಿಗೂ ಇರಲಿಲ್ಲ, ಯಾವಾಗಲೂ ಇರುವುದಿಲ್ಲ. ಜನ ಕೋಟಿನ ತೋಳು ಹುಡುಕುತ್ತಿದ್ದರು. ಮೈಕು ಹಿಡಿದು ಸಾಲುಗಳ ನಡುವೆ ಓಡಾಡುವ ಕೆಲಸ ತಿಕ್ಸಿಯೆಯವರದು. ಅವರು ನಡುಹಾದಿಯಲ್ಲಿ ನಿಂತರು, ಒಂದು ಕೈ ಪಕ್ಕೆಯ ಮೇಲೆ. ಮೈಕನ್ನು ತಮ್ಮ ಬಾಯಿಗೇ ಹಿಡಿದುಕೊಂಡರು.

"ನಂದೊಂದು ಪ್ರಶ್ನೆ. ಗುರುವಾರ ನಾಲ್ಕು ಗಂಟೆಗೆ ಯಾರಿಗೆ ಬಿಡುವಿದೆ?"

ಕೋಟು ಹಾಕಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ಆಮೇಲೆ ಇಡೀ ಮಂದಿರ ನಕ್ಕಿತು. ಸಿನಿಮಾದಲ್ಲಿ ವಿದು ಹೀಗೇ ಏನೋ ಕೇಳುತ್ತಾನೆ, ಇದು ಅದರದೇ ಅಣಕ ಎಂದುಕೊಂಡರು. ಔಷಧಿ ಅಂಗಡಿಯವನು ಚಪ್ಪಾಳೆಯನ್ನೂ ತಟ್ಟಿದ. ತಿಕ್ಸಿಯೆ ಅವರನ್ನೆಲ್ಲ ಒಂದು ಸುತ್ತು ನೋಡಿ, ತಾವೂ ಸ್ವಲ್ಪ ನಕ್ಕು, ಮೈಕಿನ ಗುಂಡಿ ಆರಿಸಿದರು. ನಗದೆ ಕೂತವರು ಇಬ್ಬರೇ, ಸೊಲಾಂಜ್ ಮತ್ತು ನಾನು. ಸೊಲಾಂಜ್ ನನ್ನನ್ನೇ ನೋಡುತ್ತಿದ್ದಳು.

ಬಾಗಿಲಲ್ಲಿ ತಿಕ್ಸಿಯೆ ಕೈ ಚಾಚಿದರು. ನನ್ನ ಬಾಯಿಗೆ ರೂಢಿಯ ಮಾತು ಬಂದೇಬಿಟ್ಟಿತ್ತು. "ಒಂದಿನ" ಎಂದೆ, ಅಲ್ಲಿಗೆ ನಿಂತಿತು. ಎಷ್ಟು ದಣಿವಾಯಿತೆಂದರೆ, ಆ ವಾಕ್ಯವನ್ನು ಮುಗಿಸುವುದಕ್ಕಿಂತ ಆಸ್ಪತ್ರೆಗೆ ಹೋಗುವುದೇ ಸುಲಭ ಅನಿಸಿತು. ಒಳ್ಳೆಯತನ ಎಂದು ಯಾರೂ ತಿಳಿಯಬಾರದು.

"ಗುರುವಾರ ಬರ್ತೀನಿ" ಎಂದೆ.

"ಪೇಪರ್ ತಿದ್ದೋದು?"

"ಪೇಪರ್ ಇಲ್ಲ."

"ಗೊತ್ತಿತ್ತು" ಎಂದರು. "ನಿಮ್ಮ ಡೈರಿ ಕಿಟಕಿ ಬೆಳಕಿಗೆ ಎದುರಾಗಿತ್ತು."

ಗುರುವಾರ ನಾಲ್ಕಕ್ಕೆ ಐದು ನಿಮಿಷವಿರುವಾಗ ಹೋದೆ. ಅದೇ ನರ್ಸು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಸಲ ನಿಜವಾದವರೇ ತಾನೇ ಎಂದಳು. ಗುರುತಿನ ಚೀಟಿ ತೋರಿಸಿದೆ. ರೋಗಿಯ ಹೆಸರು ಕೇಳಿದಳು. ತಿಕ್ಸಿಯೆ ಎಂದೆ.

"ಅದು ಮನೆತನದ ಹೆಸರು. ಅವರ ಹೆಸರು?"

ನಾನು ಗೋಡೆಯ ಮೇಲಿದ್ದ ಕೈ ತೊಳೆಯುವ ಚಿತ್ರವನ್ನು ಓದತೊಡಗಿದೆ. ಹನ್ನೊಂದು ವರ್ಷ, ತಿಂಗಳಿಗೊಂದು ಭಾನುವಾರ.

"ಸ್ನೇಹಿತರು ಅಂತ ಬರೆದಿದೆ ಇಲ್ಲಿ" ಎಂದಳು ಆಕೆ. ಆಮೇಲೆ ಅವಳಿಗೂ ಸಾಕಾಗಿರಬೇಕು. "ಹೋಗಲಿ, ಒಳಗೆ ತಿಕ್ಸಿಯೆ ಒಬ್ಬರೇ ಇರೋದು. ಬನ್ನಿ."

ಒಳಗೆ ಅವರ ಮಣಿಕಟ್ಟಿನ ಪಟ್ಟಿಯಲ್ಲಿ ಬರೆದಿತ್ತು: ಆನ್ಸೆಲ್ಮ್.

ಅವರ ಮನೆ ಬೀಗದ ಅಂಗಡಿಯ ಮೇಲಿನ ಎರಡು ಕೋಣೆ. ಹತ್ತುವಾಗ ನನ್ನ ತೋಳು ಹಿಡಿದುಕೊಂಡರು. ಹಾಗೆ ಹಿಡಿಸಿಕೊಂಡು ಬಹಳ ದಿನವಾಗಿದ್ದರಿಂದ ತೋಳನ್ನು ಎಲ್ಲಿಡಬೇಕೆಂದು ನನಗೂ ತಿಳಿಯಲಿಲ್ಲ. ಒಳಗೆ ಮೇಜಿನ ಮೇಲೆ ಇಬ್ಬರಿಗೆ ತಟ್ಟೆ, ಲೋಟ, ಕೈ ಒರೆಸಲು ಮಡಿಸಿದ ಬಟ್ಟೆ. ಮುನ್ನಾದಿನವೇ ಇಟ್ಟಿದ್ದರು. ಬಟ್ಟೆ ಮುಚ್ಚಿದ ಬಟ್ಟಲಿನಲ್ಲಿ ಹಿಟ್ಟಿನ ಹೊದಿಕೆಯೊಳಗೆ ಬೇಯಿಸಿ ಕೆನೆ ಸುರಿದ ಆಲೂಗಡ್ಡೆಯ ಪೈ, ನಮ್ಮ ಸೀಮೆಯ ಹಬ್ಬದಡುಗೆ.

"ನಾನು ಬರ್ದೇ ಇದ್ದಿದ್ರೆ?" ಎಂದೆ.

"ತೆಗೆದಿಡ್ತಿದ್ದೆ. ತೆಗೆದಿಡೋದು ನಂಗೆ ರೂಢಿ."

ಡಾಕ್ಟರು ಅವರಿಗೆ ತಿಳಿ ಸಾರು ಮಾತ್ರ ಎಂದಿದ್ದರು. ಸಾರು ಬಿಸಿ ಮಾಡಿಕೊಟ್ಟೆ, ಅದಕ್ಕೆ ಉಪ್ಪು ಹೆಚ್ಚಾಯಿತು. ಪೈ ಪೂರ್ತಿ ನಾನೇ ತಿನ್ನಬೇಕೆಂದು ಪಟ್ಟು ಹಿಡಿದು, ಒಂದೊಂದು ತುತ್ತನ್ನೂ ಎದುರಿಗೆ ಕೂತು ನೋಡಿದರು. ಮಾತಾಡಲು ನಮಗೆ ಸಿನಿಮಾ ಬಿಟ್ಟು ಬೇರೇನೂ ಇರಲಿಲ್ಲ, ಸಿನಿಮಾ ಇಬ್ಬರಿಗೂ ಸಾಕಾಗಿತ್ತು.

ಮೂರನೆಯ ತುಂಡಿನ ಹೊತ್ತಿಗೆ ನಾನು ಚೀಲದಿಂದ ಆ ಹದಿನಾಲ್ಕು ತಿಂಗಳ ಕಾಗದ ತೆಗೆದು, ಮೂರನೆಯ ಪುಟ ತಿರುವಿ, ಅವರ ತಟ್ಟೆಯ ಪಕ್ಕ ಇಟ್ಟೆ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಯಾಕೆ ಇಷ್ಟು ದಿನ ಎಂದು ಕೇಳಲಿಲ್ಲ. ಪಕ್ಕದ ಡ್ರಾಯರಿಗೆ ಕೈ ಹಾಕಿ, ನೋವಿಗೆ ಮುಖ ಕಿವುಚಿ, ಒಂದು ಡೈರಿ ಹೊರತೆಗೆದರು.

"ಯಾವತ್ತು?" ಎಂದರು.

"ಆಸ್ಪತ್ರೆಯಲ್ಲಿ ಹದಿನೇಳಕ್ಕೆ ಜಾಗ ಖಾಲಿ ಇದೆಯಂತೆ. ಗುರುವಾರ."

ಅವರು ಪುಟ ತಿರುವಿದರು. ಎದುರಿಗೆ ಕೂತವನಿಗೂ ಕಾಣುತ್ತಿತ್ತು, ಒಂದೊಂದು ಪುಟವೂ ಬೆಳ್ಳಗಿತ್ತು.

"ಗುರುವಾರ ಕಷ್ಟ" ಎಂದರು, ಮುಖದಲ್ಲಿ ಒಂದು ಗೆರೆಯೂ ಅಲುಗದೆ. ನಾನು ಫೋರ್ಕು ಕೆಳಗಿಟ್ಟೆ. ಆಮೇಲೆ ಅವರು ಪೆನ್ಸಿಲ್ ತುದಿಯನ್ನು ನಾಲಿಗೆಗೆ ತಾಗಿಸಿ, ಹದಿನೇಳರ ಪುಟದ ಮೇಲೆ ಇಟ್ಟುಕೊಂಡು ಕಾದರು.

"ನಿಮ್ಮ ಹೆಸರೇನು ಮೇಷ್ಟ್ರೇ? ಅಲ್ಲಿ ಕೇಳ್ತಾರೆ."

ಹೇಳಿದೆ. ಬರೆದುಕೊಂಡರು.