ಅಮ್ಮನ ಜೊತೆ ನೋಡಿದ ಡೈವೋರ್ಸ್ ಸಿನಿಮಾ

ಡೈವೋರ್ಸ್ ಆಗಿ ಎರಡು ವರ್ಷವಾದ ಮೇಲೆ ನನ್ನ ಮಾಜಿ ಗಂಡನ ಮನೆಯವರಿಗೆ ನನ್ನ ನೆನಪಾಯಿತು. ‘ಆದದ್ದೆಲ್ಲ ಆಯಿತು, ಮಕ್ಕಳು ಮತ್ತೆ ಒಂದಾಗಲಿ’ ಎಂದು ಅವನ ತಾಯಿ ಕುಂದಾಪುರದಲ್ಲಿದ್ದ ನನ್ನ ಅಮ್ಮನಿಗೆ ಫೋನ್ ಮಾಡಿದರು. ಅವನು ನನ್ನ ಮೇಲೆ ಕೈ ಮಾಡಿದ್ದೂ ಆ ‘ಆದದ್ದೆಲ್ಲ’ದೊಳಗೇ ಬಂತು. ಅಮ್ಮ ಒಂದು ಚೀಲ ಹಪ್ಪಳ ಕಟ್ಟಿಕೊಂಡು ನನ್ನನ್ನು ಒಪ್ಪಿಸಲು ಕೋಲ್ಕತ್ತಾಕ್ಕೆ ಬಂದಿಳಿದಳು. ಭಾನುವಾರ ಉತ್ತರ ಹೇಳುತ್ತೇನೆಂದು ಅವರಿಗೆ ಮಾತೂ ಕೊಟ್ಟಿದ್ದಳು. ನನ್ನನ್ನು ಕೇಳಿದವರು ಯಾರು?

ನಾನು ಇಲ್ಲಿ ಬ್ಯಾಂಕಿನಲ್ಲಿದ್ದೇನೆ. ಊರಿನ ಉತ್ತರಕ್ಕಿರುವ ದಮ್ ದಮ್‌ನಲ್ಲಿ ಬಾಡಿಗೆ ಫ್ಲ್ಯಾಟು. ಸಂಜೆ ಬೇಕಾದ ಮೀನು ತಂದು ಬೇಕಾದಷ್ಟು ಖಾರ ಹಾಕಿ ಸಾರು ಮಾಡಿಕೊಳ್ಳುತ್ತೇನೆ. ಅಮ್ಮನ ಕಣ್ಣಿಗೆ ಇದು ಬದುಕಲ್ಲ, ಬಸ್ ಕಾಯುವುದು. ದಿನವೂ ಅದೇ ರಾಗ ಕೇಳಿ ತಲೆ ಚಿಟ್ಟು ಹಿಡಿಯಿತು. ಭಾನುವಾರ ಮೆಟ್ರೋ ಹತ್ತಿಸಿ, ಗರಿಯಾಹಾಟ್ ಮಾರ್ಕೆಟ್ ಹತ್ತಿರ ಒಂದು ಹಿಂದಿ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಡೈವೋರ್ಸ್ ಆದವಳು ಹೊಸದಾಗಿ ಬದುಕುವ ತಮಾಷೆಯ ಕಥೆಯಂತೆ. ನೋಡಿಯಾದರೂ ಅಮ್ಮನಿಗೆ ಅರ್ಥವಾಗಲಿ ಎಂದುಕೊಂಡೆ.

ಅವಳಿಗೆ ಹಿಂದಿ ಬಾರದು. ಕತ್ತಲಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾಯಕಿ ಸ್ಕೂಟರ್ ಕಲಿತಳು, ತರಕಾರಿ ಗಾಡಿಗೆ ಗುದ್ದಿದಳು. ಅಮ್ಮ ನಕ್ಕಳು. ಇಂಟರ್ವಲ್ ಮುಗಿದದ್ದೇ ತಡ, ಅವಳಿಗೆ ಮೋಸ ಮಾಡಿದ್ದ ಆ ಹಾಳಾದ ಗಂಡ ಗಿಟಾರ್ ಹಿಡಿದು ಬಾಗಿಲಿಗೆ ಬಂದ. ನನಗೆ ಮೈಯೆಲ್ಲ ಉರಿಯಿತು. ಅಮ್ಮ ನೆಟ್ಟಗೆ ಕೂತಳು.

“ತಪ್ಪಾಯ್ತು ಹೇಳಿದ್ನಾ?”

“ಇಲ್ಲಮ್ಮ, ಹಾಡ್ತಾ ಇದ್ದಾನೆ.”

ಅವನು ಹೂ ತಂದ, ಅವಳ ಅಪ್ಪನನ್ನು ನಗಿಸಿದ. ಪ್ರತಿ ಸಲವೂ ಅಮ್ಮ ಮೊಣಕೈಯಿಂದ ತಿವಿದು, “ಈಗ ಹೇಳಿದ್ನಾ?” ಎಂದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ನೋಡಲಿ! ಕೊನೆಗೆ ನಾಯಕಿ ಓಡಿ ಬಂದು ಅವನನ್ನು ತಬ್ಬಿಕೊಂಡಳು. ಜನ ಚಪ್ಪಾಳೆ ತಟ್ಟಿದರು.

“ಹೇಳ್ಲೇ ಇಲ್ವಲ್ಲ. ಮತ್ತೆ ಇವಳು ಎಂತಕ್ಕೆ ಹೋದದ್ದು ಮಾರಾಯ್ತಿ?” ಅಮ್ಮನ ದನಿ ಇಡೀ ಥಿಯೇಟರಿಗೆ ಕೇಳಿಸಿತು.

ಹೊರಗೆ ಸೀರೆ ಅಂಗಡಿಗಳ ಮುಂದೆ ನೂಕುನುಗ್ಗಲು. ಅಮ್ಮನ ಫೋನ್ ಹೊಡೆದುಕೊಂಡಿತು. ನನ್ನ ಮಾಜಿ ಗಂಡನ ತಾಯಿ. ಅಮ್ಮ ಎತ್ತದೆ ನನ್ನ ಮುಖ ನೋಡಿದಳು.

“ನಿನ್ನತ್ರ ಅವ ಹೇಳಿದ್ದಾನಾ? ಒಂದ್ಸಲ ಆದ್ರೂ?”

“ಇಲ್ಲ.”

ಇಷ್ಟು ದಿನದಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ. ನನಗೆ ಅಳು ಬಂತು. ಮೊದಲೇ ಕೇಳಬಾರದಿತ್ತೇ ಎಂದು ಸಿಟ್ಟೂ ಬಂತು.

ಅಮ್ಮ ಫೋನ್ ಎತ್ತಿ ಸ್ಪೀಕರ್ ಹಾಕಿದಳು. “ಮಗನಿಗೆ ಕೊಡಿ. ಮೊದಲು ಅವ ತಪ್ಪಾಯ್ತು ಹೇಳ್ಲಿ, ಆಮೇಲೆ ಮಾತು.”

ಆ ಕಡೆ ಗುಸುಗುಸು ಶುರುವಾಯಿತು. ಅದರಲ್ಲಿ ಅವನ ದನಿಯೂ ಇತ್ತು. ನಾನು ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡೆ.

“ಅತ್ತೆ, ನಿಮ್ಮ ಮಗ ತಪ್ಪಾಯ್ತು ಹೇಳ್ಬೇಕು. ಹೇಳಿದ್ರೂ ನಾನು ಬರುದಿಲ್ಲ.”