ಕನ್ಯೆ ನೋಡಲು ಹೋದ ಮೋತ್ಯಾ

ಗೆಳೆಯರೆ, ತೊಂಬತ್ತರ ದಶಕದಲ್ಲಿ ಇದೇ ದಿನ ನಾನು ಅಥಣಿಯಿಂದ ಕಾಗವಾಡಕ್ಕೆ ಕನ್ಯೆ ನೋಡಲು ಹೋಗಿದ್ದೆ. ಕಣ್ಣು ಕಾಣದವನು ನೋಡುವುದೇನು ಎಂದು ನಗಬೇಡಿ, ಅವತ್ತೇ ಎಲ್ಲರೂ ನಕ್ಕು ಮುಗಿಸಿದ್ದಾರೆ. ದಾರಿ ತೋರಿಸಲು ನಾನೇ ಪಳಗಿಸಿದ ನಾಯಿ ಮೋತ್ಯಾ ಜೊತೆಗಿತ್ತು.

ಹುಡುಗಿಯ ಅಜ್ಜಿ ಬಾಗಿಲಲ್ಲೇ ತಡೆದರು. "ನಾಯಿ ಹೊರಗ ಕಟ್ರಿ. ಒಳಗ ದೇವ್ರ ಜಗಲಿ ಐತಿ."

"ಇದನ್ನ ಹೊರಗ ಕಟ್ಟಿದ್ರ, ಆಯಿ, ನಾ ಹೋಗಿ ಆ ಜಗಲಿ ಮ್ಯಾಲೇ ಬೀಳ್ತೇನ್ರಿ," ಎಂದೆ.

ಅಜ್ಜಿ ಯೋಚಿಸಿ ದಾರಿ ಬಿಟ್ಟರು.

ಒಳಗೆ ಹೋಗುತ್ತಲೇ ಮೋತ್ಯಾನಿಗೆ ಶಿರಾದ ವಾಸನೆ ಬಡಿಯಿತು. ಕುರ್ಚಿಯ ಕಡೆ ಕರೆದೊಯ್ಯುವುದು ಬಿಟ್ಟು ನನ್ನನ್ನು ನೇರ ಅಡುಗೆಮನೆಗೆ ಎಳೆಯಿತು. ಇದಕ್ಕೂ ಮೊದಲು ನೋಡಿದ ಮನೆಗಳೆಲ್ಲ ನನ್ನನ್ನು ಬೇಡವೆಂದಿದ್ದವು. ಇದೂ ಹೋಯಿತು ಅಂದುಕೊಂಡೆ.

"ಕುಂದರು," ಎಂದಿತು ಒಂದು ಹೆಣ್ಣುದನಿ, ಮೆಲ್ಲಗೆ.

ನನ್ನ ಹೊರತು ಯಾರ ಮಾತನ್ನೂ ಕೇಳದ ಮೋತ್ಯಾ ಕುಳಿತುಬಿಟ್ಟಿತು. ಗಾಬರಿಯಲ್ಲಿ ನಾನೂ ನೆಲದ ಮೇಲೆ ಕುಳಿತೆ.

ಹಿಂದಿನಿಂದ ಹುಡುಗಿಯ ಅಪ್ಪ ಅಂದರು: "ಇಬ್ರೂ ನಮ್ಮ ಹುಡುಗಿ ಮಾತ ಕೇಳ್ತಾರ. ಇನ್ನ ನೋಡೂದೇನೈತಿ?"

ಮದುವೆಯಾದ ಮೇಲೆ ಮೋತ್ಯಾ ಆಗಾಗ ಅವಳ ಮಾತು ಮೀರುತ್ತಿತ್ತು. ನನಗೆ ಆ ಧೈರ್ಯ ಇವತ್ತಿಗೂ ಬಂದಿಲ್ಲ.