ಚೌರಿಯ ಇನ್ನೊಂದು ತುದಿ

ದಿಂಬಿನ ಮೇಲೆ ಹಾಸಿಕೊಳ್ಳಲು ಒಂದು ಹಳೆಯ, ಒಗೆದು ಒಗೆದು ಮೆತ್ತಗಾದ ಬಟ್ಟೆ ಬೇಕಾಗಿತ್ತು. ಅದಕ್ಕೆಂದೇ ಮೊನ್ನೆ ಅಟ್ಟದ ಮೇಲಿನ ಟ್ರಂಕನ್ನು ಇಳಿಸಿದೆ. ದಿಂಬಿನ ಚೀಲಕ್ಕೂ ಒಂದು ಒರಟುತನ ಇರುತ್ತದೆ ಎಂದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ನಿಮಗೂ ಗೊತ್ತಿರಲಾರದು, ಗೊತ್ತಾಗದೇ ಇರಲಿ. ಈ ಸಲದ ಮಳೆಗಾಲ ಮುಗಿಯುತ್ತ ಬಂದಾಗಿನಿಂದ, ಮಲಗಿದಲ್ಲಿ ತಲೆ ಹೊರಳಿಸಿದರೆ ಸಾಕು, ಎಡಗಡೆ ಕತ್ತಿನ ಬುಡದಿಂದ ಹೊರಟು, ಕಿವಿಯ ಹಿಂದೆ ಹಾದು, ನೆತ್ತಿಯವರೆಗೆ ಯಾರೋ ಕಾದ ತಂತಿಯಲ್ಲಿ ಗೆರೆ ಎಳೆದಂತಾಗುತ್ತದೆ. ಎಳೆದು ಬಿಡುತ್ತಾರೆ. ಆಮೇಲೆ ಅಲ್ಲಿ ಕೂದಲು ಅಲ್ಲಾಡಿದರೂ ಉರಿ. ಮೊದಲ ಸಲ ಬಂದಾಗ ಎದ್ದು ಕುಳಿತು ಮಂಚದ ಕಾಲು ಹಿಡಿದುಕೊಂಡಿದ್ದೆ. ಇದೇ ಕೊನೆ ಎಂದುಕೊಂಡಿದ್ದೆ. ಚಿಕ್ಕಮಗಳೂರಿನ ಡಾಕ್ಟರು ಎಕ್ಸ್‌ರೇ ಪಟ ತೆಗೆಸಿ ನೋಡಿ, ಕತ್ತಿನ ಎಲುಬು ಸವೆದು ನರವನ್ನು ಒತ್ತುತ್ತಿದೆ, ಗಾಬರಿ ಬೇಡ ಎಂದರು. ಹಗಲಿನಲ್ಲಿ ನನಗೂ ಗಾಬರಿಯಿಲ್ಲ.

ಟ್ರಂಕಿನ ತಳದಲ್ಲಿ ಅತ್ತೆಯವರ ಒಂದು ಹತ್ತಿಯ ಸೀರೆ ಸಿಕ್ಕಿತು. ಮಡಿಕೆಯೊಳಗೆ ಏನೋ ಇತ್ತು. ಬಿಚ್ಚುವ ಮೊದಲೇ ವಾಸನೆ ಬಂತು: ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ, ಹಳೆಯದಾಗಿ ಸ್ವಲ್ಪ ಕಮಟು ಹಿಡಿದದ್ದು. ಒಳಗಿದ್ದದ್ದು ಅತ್ತೆಯವರ ಚೌರಿ.

ಚೌರಿ ಎಂದರೇನೆಂದು ಈಗಿನ ಹುಡುಗಿಯರಿಗೆ ಹೇಳಬೇಕಾಗಬಹುದು. ಬಾಚಿದಾಗ ಉದುರುವ ಕೂದಲನ್ನು ಹಿಂದಿನವರು ಬಿಸಾಡುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿನಲ್ಲಿ ಇಡುತ್ತಿದ್ದರು. ವರ್ಷಗಟ್ಟಲೆ ಹಾಗೆ ಕೂಡಿದ್ದನ್ನು ಕಟ್ಟಿಸಿದರೆ ಒಂದು ಚೌರಿ. ಮದುವೆ ಮುಂಜಿಗೆ ಹೋಗುವಾಗ ಅದನ್ನು ಸೇರಿಸಿ ಹೆಣೆದರೆ ಜಡೆ ಸೊಂಟ ದಾಟುತ್ತಿತ್ತು. ಅತ್ತೆಯವರ ತಲೆ ಬೇಗ ನೆರೆಯಿತು, ಆದರೆ ಚೌರಿಯಲ್ಲಿದ್ದದ್ದು ಅವರದೇ ಪ್ರಾಯದ ಕೂದಲು, ಅದು ಕಪ್ಪಾಗಿಯೇ ಉಳಿಯಿತು. ಬಣ್ಣ ಹಚ್ಚಲು ಅವರು ಒಪ್ಪಲಿಲ್ಲ, ಚೌರಿ ಬಿಡಲೂ ಒಪ್ಪಲಿಲ್ಲ. "ಅಮ್ಮನ ಜಡೆ ನೋಡು, ಮೇಲೆ ಪಾರ್ಚ್‌ಮೆಂಟು, ಕೆಳಗೆ ಚೆರಿ" ಎಂದು ನಮ್ಮವರು ನಗುತ್ತಿದ್ದರು. ತೊಳೆದು ಒಣಗಿಸಿದ ಕಾಫಿ ಬೆಳ್ಳಗೆ, ಸಿಪ್ಪೆ ಸಮೇತ ಒಣಗಿಸಿದ್ದು ಕರ್ರಗೆ. ಅತ್ತೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಎರಡೂ ನಮ್ಮ ತೋಟದ್ದೇ ತಾನೆ ಎನ್ನುತ್ತಿದ್ದರು.

ತೋಟ ಎಂದೆ, ದೊಡ್ಡ ಎಸ್ಟೇಟ್ ಎಂದುಕೊಳ್ಳಬೇಡಿ. ಮಲ್ಲಂದೂರಿನ ಹತ್ತಿರ, ಮನೆಯ ಮುಂದಿನ ಕಣದಲ್ಲಿ ನಿಂತು ಕೂಗಿದರೆ ಕೆಳಗಿನ ಹಳ್ಳದ ಬೇಲಿಯವರೆಗೂ ಕೇಳಿಸುವಷ್ಟು. ನನ್ನ ಮಗಳು ಸಿಂಚನಳಿಗೆ ಮೂರು ತುಂಬಿದ ವರ್ಷ, ಕುಯ್ಲಿಗೆ ಸ್ವಲ್ಪ ಮುಂಚೆ, ಅತ್ತೆಗೆ ಸರ್ಪಸುತ್ತು ಬಂತು. ಬಲಗಡೆಯ ಕತ್ತಿನಲ್ಲಿ ಎದ್ದ ಗುಳ್ಳೆಗಳು ಕಿವಿಯ ಹಿಂದಿನಿಂದ ಕೂದಲೊಳಗೆ ಹತ್ತಿದವು. ಪಕ್ಕದ ತೋಟದ ಸೀತಕ್ಕ ಕೆಮ್ಮಣ್ಣು ಕಲಸಿ ತಂದು, ಕೋಳಿ ಪುಕ್ಕದಲ್ಲಿ ಹಚ್ಚಿದರು. ಹಾವಿನ ತಲೆ ಬಾಲ ಕೂಡಿದರೆ ಕಷ್ಟ ಎಂದು ನಮ್ಮ ಕಡೆ ನಂಬಿಕೆ, ಕೂಡಲಿಲ್ಲ. ಗುಳ್ಳೆ ಒಣಗಿತು, ಹೊಪ್ಪಳೆ ಉದುರಿತು. ಸೀತಕ್ಕ ಬಂದು ಕೂದಲು ಸರಿಸಿ ನೋಡಿ, ಪೂರ್ತಿ ವಾಸಿಯಾಯಿತು ಎಂದು ತೀರ್ಮಾನ ಕೊಟ್ಟು ಕಾಫಿ ಕುಡಿದು ಹೋದರು.

ವಾಸಿಯಾಗಿರಲಿಲ್ಲ. ಅಲ್ಲಿ ನೋಡಲು ಏನೂ ಇರಲಿಲ್ಲ, ಅಷ್ಟೇ. ಹಗಲು ಅತ್ತೆ ಕಣದಲ್ಲಿ ಕಾಫಿ ಹರವುತ್ತಿದ್ದರು, ಆಳುಗಳ ಜೊತೆ ತಮಾಷೆ ಮಾಡುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮುಖ ಸಣ್ಣದಾಗುತ್ತಿತ್ತು. ನೋವು ಎನ್ನುತ್ತಿದ್ದರು, ಹೆಚ್ಚು ಹೇಳುತ್ತಿರಲಿಲ್ಲ. ಅದನ್ನು ಕೇಳಿದ ಸೀತಕ್ಕ, "ಇದೆಂಥ ನೋವು ಮಾರಾಯ್ತಿ, ಗಡಿಯಾರ ನೋಡ್ಕೊಂಡು ಬರೋದು?" ಎಂದಿದ್ದರು. ಅತ್ತೆ ನಕ್ಕರು. ಆ ನಗುವನ್ನು ನಾನು ಆಗ ಸರಿಯಾಗಿ ನೋಡಲಿಲ್ಲ.

ನಮ್ಮ ಈ ಕಾಫಿ ಸೀಮೆಯಲ್ಲಿ ಕತ್ತಿನ ಮೇಲಿನ ಯಾವುದೇ ನೋವಿಗೆ ಒಂದೇ ಕಾರಣ, ಇಬ್ಬನಿ. ಒಂದೇ ಮದ್ದು, ತಲೆಗೆ ಕಟ್ಟುವುದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಇಲ್ಲಿ ಬರಿದಲೆಯಲ್ಲಿ ಹೊರಗೆ ಬಂದವರನ್ನು ಜನ ನಿಲ್ಲಿಸಿ ವಿಚಾರಿಸುತ್ತಾರೆ. ನಮ್ಮವರು ಆಲ್ದೂರಿಗೆ ಹೋದವರು ಅಮ್ಮನಿಗೆಂದು ಉಣ್ಣೆಯ ಮಫ್ಲರು ತಂದರು. ದಪ್ಪದ್ದು, ಹೊಸದು. ಪ್ರತಿ ಸಂಜೆ ನಾನು ಅದನ್ನು ಅತ್ತೆಯ ತಲೆಗೆ ಸುತ್ತಿ, ಗಾಳಿ ನುಸುಳದಂತೆ ಕತ್ತಿನ ಹತ್ತಿರ ಬಿಗಿಯಾಗಿ ಗಂಟು ಹಾಕುತ್ತಿದ್ದೆ. ಹೇಗಿದೆ ಎಂದರೆ, "ಬೆಚ್ಚಗಿದೆ" ಎನ್ನುತ್ತಿದ್ದರು. ಬೆಳಿಗ್ಗೆ ನಾನು ಏಳುವಾಗಲೂ ಅದು ತಲೆಯ ಮೇಲೆಯೇ ಇರುತ್ತಿತ್ತು, ಆದರೆ ಗಂಟು ಮಾತ್ರ ನನ್ನದಲ್ಲ. ನಾನು ಎಡಕ್ಕೆ ಗಂಟು ಹಾಕುವವಳು, ಅದು ಬಲಕ್ಕೆ ಇರುತ್ತಿತ್ತು. ರಾತ್ರಿ ಬಿಚ್ಚಿಟ್ಟು ಬೆಳಗಾಗುವಾಗ ಮತ್ತೆ ಕಟ್ಟಿಕೊಳ್ಳುತ್ತಾರೆ ಎಂದು ಊಹಿಸಲು ನನಗೆ ಅದೆಷ್ಟು ದಿನ ಬೇಕಾಯಿತೋ. ಸೊಸೆ ಕಟ್ಟಿದ್ದು, ಮಗ ತಂದದ್ದು. ಚುಚ್ಚುತ್ತದೆ ಎಂದು ಹೇಗೆ ಹೇಳುವುದು.

ಆ ನೋವು ಎಂಥದೆಂದು ಗೊತ್ತಾದದ್ದು ಒಂದು ಮಧ್ಯಾಹ್ನ, ಹಿತ್ತಲ ಕಟ್ಟೆಯ ಮೇಲೆ ಅವರಿಗೆ ತಲೆ ಬಾಚುವಾಗ. ಹಣಿಗೆ ಕಿವಿಯ ಹಿಂದಕ್ಕೆ ಬಂದದ್ದೇ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಅಷ್ಟು ಗಟ್ಟಿಯಾಗಿ ಅವರು ನನ್ನನ್ನು ಎಂದೂ ಹಿಡಿದವರಲ್ಲ. ಕಣ್ಣಿನಲ್ಲಿ ನೀರಿತ್ತು. ನನಗೆ ಆಗ ಮಗಳ ನೆನಪಾಯಿತು.

ಸಿಂಚನ ಹುಟ್ಟಿದ ಮರುವರ್ಷದಿಂದಲೇ ಅಜ್ಜಿಯ ಮಗ್ಗುಲು ಸೇರಿದವಳು. ಅವಳಿಗೆ ನಿದ್ದೆ ಬರಬೇಕಾದರೆ ಅಜ್ಜಿಯ ಕತ್ತಿನ ಹಿಂದಿನ ಕೂದಲಲ್ಲಿ ಕೈ ಇಡಬೇಕು. ಬರೀ ಇಡುವುದಲ್ಲ, ಬೆರಳಿಗೆ ಸುತ್ತಬೇಕು, ಬಿಡಬೇಕು, ಮತ್ತೆ ಸುತ್ತಬೇಕು. ನಿದ್ದೆ ಬಂದ ಮೇಲೂ ನಡುವೆ ಒಮ್ಮೊಮ್ಮೆ ಕೈ ಹುಡುಕುತ್ತಿತ್ತು. ಮಂಚದ ಒಂದು ಕಡೆ ಗೋಡೆ, ಮಗು ಮಲಗುತ್ತಿದ್ದದ್ದು ಆ ಕಡೆ, ಅತ್ತೆಯ ಬಲಕ್ಕೆ.

"ಅತ್ತೆ, ಮಗು ಕೈ ಹಾಕಿದಾಗ?" ಎಂದೆ.

"ಅದೊಂದು ಕೇಳ್ಬೇಡ," ಎಂದರು. ಆಮೇಲೆ, ಕಟ್ಟೆಯ ಮೇಲೆ ಬಿದ್ದಿದ್ದ ಒಂದು ಕೂದಲನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಹೇಳಿದ್ರೆ ನೀನು ಅದನ್ನ ಕರ್ಕೊಂಡು ಹೋಗ್ತೀಯ. ನೋವಾದ್ರೆ ಹೇಗೋ ತಡ್ಕೊಳ್ಬಹುದು" ಎಂದರು.

ಹೇಗೆ ತಡೆದುಕೊಳ್ಳುತ್ತೀರಿ ಎಂದು ಕೇಳಿದೆ. ಅವರು ಹೇಳಿದ್ದನ್ನು ನಾನು ಮರೆತಿಲ್ಲ. ಮಲಗಿದಲ್ಲೇ ತೋಟಕ್ಕೆ ಹೋಗುತ್ತಿದ್ದರಂತೆ. ಹಳ್ಳದ ಬೇಲಿಯ ಮೊದಲ ಗಿಡದಿಂದ ಹಣ್ಣು ಕುಯ್ಯಲು ಶುರು. ಪ್ರತಿ ಗಿಡವೂ ಅವರಿಗೆ ಗೊತ್ತು: ಇದು ಬಗ್ಗಿದ್ದು, ಇದರ ಮೇಲೆ ಸಿಲ್ವರ್ ಮರದ ನೆರಳು ಜಾಸ್ತಿ, ಇದರ ಬುಡದಲ್ಲಿ ಚಿಗಳಿ ಇರುವೆ. ಒಂದೊಂದೇ ರೆಕ್ಕೆ, ಅಂದರೆ ಗಿಡದ ಅಡ್ಡಕೊಂಬೆ, ಹಿಡಿದು, ಬುಡದಿಂದ ತುದಿಯವರೆಗೆ. "ನೋವು ಬಂದಾಗ ಗಿಡ ಬಿಟ್ಟು ಓಡ್ಬಾರ್ದು. ಕೈಯಲ್ಲಿ ಹಿಡ್ದ ರೆಕ್ಕೆ ಮುಗ್ಸೋದು. ಅಷ್ಟ್ರಲ್ಲಿ ಅದು ಹೋಗಿರ್ತದೆ. ಮತ್ತೆ ಬರ್ತದೆ, ಬರ್ಲಿ, ಮುಂದಿನ ರೆಕ್ಕೆ ಇದ್ಯಲ್ಲ." ಆ ವರ್ಷದ ಬೆಳೆಯನ್ನು ಆಳುಗಳು ಅರ್ಧ ಕುಯ್ಯುವ ಮೊದಲೇ ಅತ್ತೆ ಎಷ್ಟೋ ಸಲ ಕುಯ್ದು ಮುಗಿಸಿದ್ದರು.

ಮರುದಿನವೇ ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆವು. ಡಾಕ್ಟರು ವಯಸ್ಸಾದವರು, ಸಮಾಧಾನದಿಂದ ಹೇಳಿದರು. ಗುಳ್ಳೆ ಒಣಗಿದೆ, ಆದರೆ ಆ ನರಕ್ಕೆ ಪೆಟ್ಟಾಗಿದೆ. ಅದು ಇನ್ನೂ ಉರಿಯುತ್ತಿದೆ ಎಂದೇ ಸುದ್ದಿ ಕಳಿಸುತ್ತಿದೆ. ಹಗಲು ಕೆಲಸದ ಗದ್ದಲದಲ್ಲಿ ಆ ಸುದ್ದಿ ಅಷ್ಟಾಗಿ ಕೇಳುವುದಿಲ್ಲ, ರಾತ್ರಿ ಬೇರೆ ಸದ್ದಿಲ್ಲ. ಮಲಗುವ ಮುಂಚೆ ನುಂಗಲು ಒಂದು ಮಾತ್ರೆ ಬರೆದರು. ಕೆಲಸ ಮಾಡಲು ವಾರಗಟ್ಟಲೆ ಹಿಡಿಯುತ್ತದೆ, ನಡುವೆ ಬಿಡಬೇಡಿ ಎಂದರು. ಉಣ್ಣೆ ಬೇಡ, ಬಿಗಿ ಬೇಡ, ಮೆತ್ತನೆಯ ಹತ್ತಿ ಬಟ್ಟೆ ಸಾಕು. ನಾನು ಮಗುವಿನ ವಿಷಯ ಹೇಳಿದೆ. ಸದ್ಯಕ್ಕೆ ಬೇರೆ ಮಲಗಿಸಿ ಎಂದರು.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ತಿರುಗಿ ಕುಳಿತರು. ಊರು ಹತ್ತಿರವಾದಾಗ ಒಂದೇ ಒಂದು ಮಾತು. "ಆ ಡಾಕ್ಟ್ರಿಗೆ ಮೊಮ್ಮಕ್ಕಳಿಲ್ಲ ಅನ್ಸುತ್ತೆ."

ಅಂದು ಮಗುವನ್ನು ನಮ್ಮ ಕೋಣೆಯಲ್ಲಿ ಮಲಗಿಸಿದೆ. ನನ್ನ ಕೂದಲು ಕೊಟ್ಟೆ, ಅದು ಅಜ್ಜಿಯದಲ್ಲ ಎಂದು ತಳ್ಳಿದಳು. ಅವರಪ್ಪ ತಮ್ಮ ತಲೆಯನ್ನೂ ಒಡ್ಡಿ ನೋಡಿದರು. ಅಲ್ಲಿ ಸುತ್ತಿಕೊಳ್ಳುವಷ್ಟು ಏನೂ ಉಳಿದಿರಲಿಲ್ಲ. ಅತ್ತು ಅತ್ತು ಬಿಕ್ಕುತ್ತಲೇ ನಿದ್ದೆ ಹೋದಳು. ಗೋಡೆಯ ಆಚೆ ಅತ್ತೆಯ ಮಂಚ ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಅಂದು ಅವರು ತೋಟಕ್ಕೆ ಹೋಗಿರಲಾರರು.

ಬೆಳಿಗ್ಗೆ ನೋಡಿದರೆ ಅತ್ತೆ ಅಂಗಳದ ಬಿಸಿಲಿನಲ್ಲಿ ಕಾಲು ಚಾಚಿ ಕುಳಿತು ಚೌರಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಯಾರದೋ ಮದುವೆ ಇದೆಯೇನೋ, ನಾನು ಮರೆತೆನೇನೋ ಎಂದುಕೊಂಡೆ. ಮಗು ಎದ್ದು ಬಂದು ಅದನ್ನೇ ನೋಡುತ್ತ ನಿಂತಳು.

"ಅಜ್ಜಿ, ಅದು ನಿಂದಾ?"

"ನಂದೇ ಕಣೇ. ಸಣ್ಣೋಳಿದ್ದಾಗಿನ ಕೂದ್ಲು. ನಿಂಗೆ ಅಂತ ತೆಗ್ದಿಟ್ಟಿದ್ದೆ."

"ಬಿಚ್ಚಕ್ಕೆ ಬರುತ್ತಾ? ಸೀತಜ್ಜಿಗೂ ಬಿಚ್ಚಕ್ಕೆ ಬರುತ್ತಾ?"

"ಅವ್ಳದ್ದು ಬಿಚ್ಚೋದು ಬಾಯಿ ಮಾತ್ರ" ಎಂದರು ಅತ್ತೆ. ಗಡಿಯಾರದ ಮಾತನ್ನು ಅವರು ಮರೆತಿರಲಿಲ್ಲ.

ಆ ಸಂಜೆ ಮಗು ಅಜ್ಜಿಯ ಮಂಚಕ್ಕೆ ಮರಳಿದಳು, ಆದರೆ ಈಗ ಎಡಗಡೆಗೆ, ನಡುವೆ ಒಂದು ಸಣ್ಣ ದಿಂಬು. ಚೌರಿಯ ಗಂಟನ್ನು ಅತ್ತೆ ಮುಷ್ಟಿಯಲ್ಲಿ ಹಿಡಿದುಕೊಂಡರು. ಅದರ ತುದಿ ದಿಂಬಿನ ಮೇಲಿಂದ ಹಾದು ಮಗುವಿನ ಕೈ ಸೇರಿತು. ಎಣ್ಣೆ ಅದೇ, ವಾಸನೆ ಅದೇ. ಸುತ್ತಿದಳು, ಬಿಟ್ಟಳು, ಸುತ್ತಿದಳು. ಬಾಗಿಲಲ್ಲಿ ನಿಂತ ನನಗೆ ಅತ್ತೆ ಹೋಗು ಎಂದು ಕಣ್ಣಲ್ಲೇ ಹೇಳಿದರು. ಮಫ್ಲರು ನಮ್ಮವರ ತಲೆಗೆ ಹೋಯಿತು.

ನೋವು ಒಂದೇ ಸಲಕ್ಕೆ ಹೋಗಲಿಲ್ಲ. ಬೆಳಿಗ್ಗೆ ನಾನು "ನಿನ್ನೆ ಎಷ್ಟು ಕುಯ್ದ್ರಿ?" ಎಂದು ಕೇಳುತ್ತಿದ್ದೆ. "ಹಳ್ಳದಿಂದ ಅತ್ತಿ ಮರದವರೆಗೆ" ಎಂದರೆ ಕೆಟ್ಟ ರಾತ್ರಿ. "ನಾಲ್ಕು ಗಿಡ, ಅಷ್ಟ್ರಲ್ಲಿ ನಿದ್ದೆ ಬಂತು" ಎಂದರೆ ಒಳ್ಳೆಯದು. ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬರುವ ಹೊತ್ತಿಗೆ ನಾಲ್ಕು ಗಿಡದ ರಾತ್ರಿಗಳೇ ಹೆಚ್ಚಾದವು. ಕೊನೆಯವರೆಗೂ ಚಳಿಗಾಲದಲ್ಲಿ ಒಮ್ಮೊಮ್ಮೆ ಕಿವಿಯ ಹಿಂದೆ ಕೈ ಹೋಗುತ್ತಿತ್ತು. ಅವರು ಹೋಗಿ ಬಹಳ ವರ್ಷವಾಯಿತು.

ಈಗ ನಾನೂ ರಾತ್ರಿ ತೋಟಕ್ಕೆ ಹೋಗಿ ನೋಡುತ್ತಿದ್ದೇನೆ. ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ. ಹತ್ತು ಗಿಡ ದಾಟುವಷ್ಟರಲ್ಲಿ ಬೇಲಿ ಮುರಿದದ್ದು ಕಾಣುತ್ತದೆ, ಮೋಟಾರು ರಿಪೇರಿ ನೆನಪಾಗುತ್ತದೆ, ಕುಯ್ಯುವುದು ಬಿಟ್ಟು ನಮ್ಮವರ ಜೊತೆ ಮನಸ್ಸಿನಲ್ಲೇ ಜಗಳ ಶುರುವಾಗಿರುತ್ತದೆ. ಆದರೂ ಹಿಡಿದ ರೆಕ್ಕೆ ಮುಗಿಸುವ ಪಾಠ ಉಪಯೋಗಕ್ಕೆ ಬಂದಿದೆ.

ನಿಮಗೆ ಹೇಳದೆ ಉಳಿಸಿದ್ದು ಒಂದಿದೆ. ಸಿಂಚನ ಈಗ ಚಿಕ್ಕಮಗಳೂರಿನ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದಾಳೆ, ಶನಿವಾರದ ಬಸ್ಸಿಗೆ ಬರುತ್ತಾಳೆ. ಭಾನುವಾರ ನನ್ನ ತಲೆಗೆ ಎಣ್ಣೆ ಹಚ್ಚಿ ತಿಕ್ಕುವುದು ಅವಳೇ ಹಾಕಿಕೊಂಡ ಪದ್ಧತಿ. ಅವಳು ವಾರದ ಮಾತನ್ನೆಲ್ಲ ಆಡುವುದು ಆಗ. ಮುಖ ಕಾಣದಿದ್ದರೆ ಅವಳಿಗೆ ಮಾತು ಸಲೀಸು. ಈ ಮಳೆಗಾಲದಿಂದ ಅವಳ ಬೆರಳು ಕತ್ತಿನ ಎಡಕ್ಕೆ ಬಂದಾಗಲೆಲ್ಲ ನಾನು ಹಲ್ಲು ಕಚ್ಚಿ ಕೂತಿದ್ದೇನೆ. ಹೇಳಿದರೆ ಆ ಭಾನುವಾರಗಳು ನಿಂತಾವು ಎಂದು. ಚೌರಿ ಕೈಯಲ್ಲಿ ಹಿಡಿದು ಅಟ್ಟದ ಕೆಳಗೆ ನಿಂತಾಗ, ಹೀಗೆ ನೋವು ಬಚ್ಚಿಡುವುದನ್ನು ನಾನು ಎಲ್ಲಿ ಕಲಿತೆ ಎಂದು ಗೊತ್ತಾಯಿತು. ಕಲಿಯಬೇಕಾದದ್ದು ಅದಾಗಿರಲಿಲ್ಲ.

ಮೊನ್ನೆಯ ಭಾನುವಾರ ಅವಳು ಎಣ್ಣೆ ಬಟ್ಟಲು ಹಿಡಿದು ಬಂದಾಗ ಹೇಳಿದೆ. "ಎಡಗಡೆ ಮುಟ್ಬೇಡ ಮಗಾ. ಅಲ್ಲಿ ಗಾಳಿ ತಾಗಿದ್ರೂ ಉರೀತದೆ. ರಾತ್ರಿ ನಿದ್ದೆ ಇಲ್ಲ." ಅವಳು ಬಟ್ಟಲು ಕೆಳಗಿಟ್ಟಳು. ಯಾವಾಗಿನಿಂದ ಎಂದು ಕೇಳಿದಳು, ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಪಕ್ಕದಲ್ಲಿದ್ದ ಸೀರೆಯ ಗಂಟು ನೋಡಿ ಬಿಚ್ಚಿದಳು, ಮೂಸಿದಳು.

"ಅಜ್ಜಿ ಕೂದ್ಲು," ಎಂದಳು. "ನಂಗೆ ನೆನಪಿದೆ ಅಮ್ಮ. ಎಷ್ಟು ಉದ್ದ ಇತ್ತು ಅಜ್ಜಿ ಕೂದ್ಲು! ಹಾಸಿಗೆ ಆ ಕಡೆಯಿಂದ ಈ ಕಡೆವರೆಗೂ ಬರ್ತಿತ್ತು."

ಅವಳಿಗೆ ಉಳಿದದ್ದು ಅಷ್ಟೇ. ಬೇರೆ ಮಲಗಿಸಿದ ರಾತ್ರಿಯ ಅಳು ಇಲ್ಲ, ನಡುವಿನ ದಿಂಬು ಇಲ್ಲ, ಅಜ್ಜಿಯ ನೋವು ಇಲ್ಲ. ನಾನು ತಿದ್ದಲು ಬಾಯಿ ತೆರೆದೆ, ಮತ್ತೆ ಬೇಡವೆನಿಸಿತು.

ಅವಳು ನನ್ನ ಹಿಂದೆ ಕೂರದೆ ಪಕ್ಕದಲ್ಲಿ ಕುಳಿತಳು. ಬಟ್ಟಲಿಗೆ ಬೆರಳದ್ದಿ ಚೌರಿಗೇ ಎಣ್ಣೆ ಹಚ್ಚತೊಡಗಿದಳು, ಒಂದೊಂದೇ ಎಳೆ ಬಿಡಿಸುತ್ತ. ಸ್ವಲ್ಪ ಹೊತ್ತಿಗೆ ಕಾಲೇಜಿನ ಮಾತು ಶುರುವಾಯಿತು. ಚೌರಿ ಜಾರದಂತೆ ಯಾರಾದರೂ ಇನ್ನೊಂದು ತುದಿ ಹಿಡಿಯಬೇಕಿತ್ತು. ಹಿಡಿದುಕೊಂಡೆ.